ಮೈಕ್ರೋವೇವಿಗೂ ಬೇಕು ಗವಾಕ್ಷಿ

ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸುವವರು ಅಡುಗೆಕೋಣೆಗೆ ಮಾಡ್ಯುಲರ್ ಕಪಾಟು ಹಾಕಿಸುವಾಗ, ನೆಲದಿಂದ ಸೂರಿನವರೆಗಿನ ಒಂದು ಕಪಾಟಿನಲ್ಲಿ ಗೂಡು ಮಾಡಿ ಮೈಕ್ರೋವೇವ್ ಓವನ್ನನ್ನು ಅದರೊಳಗೆ ಕೂರಿಸಿಬಿಡುವುದುಂಟು. ಅಂಗಡಿಯಲ್ಲಿ ಇದರ ಮಾತು ಲೀಟರಿನಿಂದ ಶುರುವಾಗುತ್ತದೆ: 20 ಲೀಟರಿನದು ಸಾಕೋ, 25ರದು ಬೇಕೋ, ಇಲ್ಲ ಒಂದೇ ಸಲ 32ರದಕ್ಕೆ ಹೋಗೋಣವೋ? ಆಮೇಲೆ ವ್ಯಾಟು, ಆಮೇಲೆ ಒಳಗೆ ಎಷ್ಟು ‘ಆಟೋ ಕುಕ್’ ಮೆನು ಇವೆ ಎಂಬುದು, ಕೊನೆಗೆ ಬಾಗಿಲ ಗಾಜು ಕಪಾಟಿನ ಬಣ್ಣಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದು. ಕೇಳಬಾರದ ಪ್ರಶ್ನೆಗಳೇನೂ ಇವಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸದ ಊರಿದು. ಇಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಈ ಪೆಟ್ಟಿಗೆ ಗಾಳಿಯನ್ನು ಎಲ್ಲಿಂದ ಎಳೆದುಕೊಳ್ಳುತ್ತದೆ, ಬಿಸಿಯಾದ ಗಾಳಿಯನ್ನು ಎಲ್ಲಿಗೆ ಬಿಡುತ್ತದೆ? ಕಪಾಟಿನಲ್ಲಿ ಹುದುಗಿಸುವ ಓವನ್ನನ್ನು ಆರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಗಾಳಿಯ ದಾರಿಯನ್ನು ಆರಿಸುವ ಕೆಲಸವೇ ಎಂಬುದು ನನ್ನ ವಾದ. ಆ ದಾರಿ ಮಾಡಿಕೊಡಲಾಗದ ಮನೆಯಲ್ಲಿ, ಎಷ್ಟೇ ಚೆಂದ ಕಂಡರೂ, ಹುದುಗಿಸುವ ಆಸೆ ಬಿಟ್ಟು ಓವನ್ನನ್ನು ತೆರೆದ ಕಟ್ಟೆಯ ಮೇಲೆ ಇಡುವುದೇ ಲೇಸು.

ಈ ಯಂತ್ರದ ಇತಿಹಾಸವನ್ನೇ ಶಾಖ ಹೊರಹಾಕುವ ಉಪಾಯಗಳ ಇತಿಹಾಸವೆಂದು ಓದಬಹುದು. ಓವನ್ನಿನ ಎದೆಗುಂಡಿಗೆಯಂತಿರುವ ಮ್ಯಾಗ್ನೆಟ್ರಾನ್ ಕೊಳವೆ ಈಗಿನ ಸ್ವರೂಪಕ್ಕೆ ಬಂದದ್ದು ರಾಡಾರಿಗಾಗಿ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅದನ್ನು ರೂಪಿಸಿದರು. ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಅದೇ ಕೊಳವೆಯಿಂದ ಆಹಾರ ಬಿಸಿ ಮಾಡುವ ವಿಧಾನಕ್ಕೆ ಪೇಟೆಂಟ್ ಕೋರಿದ. ಆ ಕೊಳವೆಯ ಬಳಿ ನಿಂತಾಗ ಅವನ ಜೇಬಿನಲ್ಲಿದ್ದ ಚಾಕೊಲೇಟು ಕರಗಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆ ಬಳಿಕ ಬಂದ ಯಂತ್ರ ಹೇಗಿತ್ತೆಂಬುದನ್ನು ಹೇಳುವವರು ಕಡಿಮೆ. 1947ರ ‘ರೇಡಾರೇಂಜ್’ ಆಳೆತ್ತರವಿತ್ತು, ಸುಮಾರು 340 ಕಿಲೋ ತೂಗುತ್ತಿತ್ತು, ಮ್ಯಾಗ್ನೆಟ್ರಾನ್ ಸುಟ್ಟುಹೋಗದಂತೆ ಕಾಯಲು ಅದಕ್ಕೆ ನಲ್ಲಿಯ ನೀರಿನ ಪೈಪು ಜೋಡಿಸಬೇಕಿತ್ತು. ಗೃಹಿಣಿಯ ಕಟ್ಟೆಯ ಮೇಲೆ ಕೂರುವಂಥ ಓವನ್ನನ್ನು ಅಮಾನಾ ಕಂಪನಿ 495 ಡಾಲರಿಗೆ ಮಾರಿದ್ದು ಇಪ್ಪತ್ತು ವರ್ಷದ ನಂತರ, 1967ರಲ್ಲಿ. ಅಷ್ಟು ಹೊತ್ತಿಗೆ ನೀರಿನ ಪೈಪು ಹೋಗಿ, ಅದರ ಜಾಗಕ್ಕೆ ಲೋಹದ ತೆಳು ರೆಕ್ಕೆಗಳೂ ಒಂದು ಸಣ್ಣ ಫ್ಯಾನೂ ಬಂದಿದ್ದವು. ಇಂದಿನ ಎಲ್ಲ ಮನೆಬಳಕೆಯ ಓವನ್ನುಗಳೂ ಆ ಫ್ಯಾನಿನ ಭರವಸೆಯ ಮೇಲೆಯೇ ಬದುಕಿವೆ. ಕಟ್ಟೆಯ ಮೇಲಿದ್ದಾಗ ಅದಕ್ಕೆ ಇಡೀ ಕೋಣೆಯ ಗಾಳಿ ಸಿಗುತ್ತದೆ. ಕಪಾಟಿಗೆ ಹಾಕಿದೊಡನೆ ಬಡಗಿ ಬಿಟ್ಟಷ್ಟೇ ಗಾಳಿ.

ಎಷ್ಟು ಗಾಳಿ ಬೇಕು ಎಂಬುದನ್ನು ಒಂದು ಹಾಳೆಯ ಮೇಲೆ ಲೆಕ್ಕ ಹಾಕಬಹುದು. ‘800 ವ್ಯಾಟ್’ ಎಂದು ಬರೆದ ಓವನ್ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸುಮಾರು 1,250 ವ್ಯಾಟ್. ಬರೆದಿರುವುದು ಆಹಾರಕ್ಕೆ ಸೇರುವ ಪಾಲು ಮಾತ್ರ. ಉಳಿದ 450 ವ್ಯಾಟ್ ಮ್ಯಾಗ್ನೆಟ್ರಾನ್, ಟ್ರಾನ್ಸ್‌ಫಾರ್ಮರ್, ಫ್ಯಾನು, ದೀಪಗಳಲ್ಲಿ ಶಾಖವಾಗಿ ಹೊರಗೆ ಬರುತ್ತದೆ. ಒಂದು ಲೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಒಂದು ಜೂಲಿಗಿಂತ ತುಸು ಹೆಚ್ಚು. ಹಾಗಾಗಿ ಈ 450 ವ್ಯಾಟನ್ನು ಗಾಳಿ 10 ಡಿಗ್ರಿಯಷ್ಟೇ ಬಿಸಿಯಾಗಿ ಹೊತ್ತೊಯ್ಯಬೇಕೆಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 40 ಲೀಟರು ಗಾಳಿ ಹರಿಯಬೇಕು. 20 ಡಿಗ್ರಿ ಬಿಸಿಯಾದರೂ ಅಡ್ಡಿಯಿಲ್ಲವೆಂದರೆ 20 ಲೀಟರು. ಈಗ ಗೂಡನ್ನು ನೋಡಿ. ಹುದುಗಿಸುವ ಓವನ್ನಿಗೆ ಸಾಮಾನ್ಯವಾಗಿ ಹೇಳುವ ಅಳತೆ 560 ಮಿಲಿಮೀಟರ್ ಅಗಲ, 380 ಎತ್ತರ, 550 ಆಳ. ಓವನ್ ಕೂತ ಮೇಲೆ ಸುತ್ತ ಉಳಿಯುವ ಗಾಳಿ 40–50 ಲೀಟರು ಇದ್ದೀತು. ಹಿಂಬದಿ ಪೂರ್ತಿ ಮುಚ್ಚಿದ್ದು, ಪ್ಲೈವುಡ್ಡೂ ತಗಡೂ ಏನೂ ಶಾಖ ಹೀರುವುದಿಲ್ಲವೆಂದು ಇಟ್ಟುಕೊಂಡರೆ ಆ ಗಾಳಿ ಸೆಕೆಂಡಿಗೆ ಸುಮಾರು 9 ಡಿಗ್ರಿಯಂತೆ ಏರಬೇಕು. ನಿಜದಲ್ಲಿ ಹಲಗೆ, ತಗಡು ಎರಡೂ ಹೀರುತ್ತವೆ, ಅದಕ್ಕೇ ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಹೀರಿದ್ದು ಎಲ್ಲಿಗೂ ಹೋಗದಿದ್ದಾಗ ಫ್ಯಾನು ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳತೊಡಗುತ್ತದೆ. ತೊಂದರೆಯ ಮೂಲ ಅಲ್ಲಿದೆ. ಇನ್ನೊಂದು ಮಾತು: ಮ್ಯಾಗ್ನೆಟ್ರಾನನ್ನು ಸವರಿ ಬಂದ ಗಾಳಿಯಲ್ಲಿ ಒಂದಿಷ್ಟು ಭಾಗವನ್ನು ಓವನ್ನಿನ ಒಳಗೂ ಹಾಯಿಸಿ, ಆಹಾರದ ಹಬೆಯನ್ನು ಅದರ ಜೊತೆ ಹೊರಗೆ ತಳ್ಳಲಾಗುತ್ತದೆ. ಅಂದರೆ ಕಪಾಟಿಗೆ ಬರುವುದು ಬಿಸಿಗಾಳಿ ಮಾತ್ರವಲ್ಲ, ತೇವದ ಬಿಸಿಗಾಳಿ. ಅಂಟು ಹಾಕಿ ಒತ್ತಿದ ಹಲಗೆಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ಇಲ್ಲಿ ಬಳ್ಳಾರಿಯ ಬಿಸಿಲು ಲೆಕ್ಕದೊಳಗೆ ಬರುತ್ತದೆ. ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪರೀಕ್ಷೆ ನಡೆಯುವ ಕೋಣೆಯ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ, ಐದು ಡಿಗ್ರಿ ಆಚೀಚೆ. ನಮ್ಮಲ್ಲಿ ಡಿಸೆಂಬರಿನ ಬೆಳಗ್ಗೆ ಸಿಗುವ ಹವೆ ಅದು. ಕೈಪಿಡಿಯಲ್ಲಿ ‘ಹಿಂಬದಿ ಇಷ್ಟು ಸಂದು ಬಿಡಿ, ಇಷ್ಟು ಚದರ ಸೆಂಟಿಮೀಟರ್ ಕಿಂಡಿ ಕೊಡಿ’ ಎಂದು ಬರೆದಿರುವಾಗ ಬರೆದವರ ಕಣ್ಣಮುಂದೆ ಇದ್ದದ್ದು ಕೌಲ್ ಬಜಾರಿನ ಮೇ ತಿಂಗಳ ಮಧ್ಯಾಹ್ನವಲ್ಲ. ಒಂದು ಉದಾಹರಣೆ ಹಾಕಿ ನೋಡೋಣ. ಗೂಡಿನ ಹಿಂದೆ 200 ಚದರ ಸೆಂಟಿಮೀಟರಿನ ಹಾದಿಯಿದೆ, ಅದು ಒಂದು ಮೀಟರು ಮೇಲೆ ಕಪಾಟಿನ ನೆತ್ತಿಯಲ್ಲಿ ತೆರೆದುಕೊಳ್ಳುತ್ತದೆ. ಬಿಸಿಗಾಳಿ ಹಗುರವಾಗಿ ಮೇಲೇರುವ ಬಲದಿಂದಲೇ, ಓವನ್ನಿನ ಫ್ಯಾನಿನ ನೂಕನ್ನು ಲೆಕ್ಕಕ್ಕೆ ಹಿಡಿಯದೆ, 450 ವ್ಯಾಟ್ ಹೊರಹೋಗಬೇಕೆಂದರೆ ಆ ಗಾಳಿ ಕೋಣೆಗಿಂತ ಸುಮಾರು 30 ಡಿಗ್ರಿ ಬಿಸಿಯಾಗಬೇಕಾಗುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಹಾಗೆಂದರೆ 50. ಸಹಿಸಿಕೊಳ್ಳಬಹುದು. 41 ಡಿಗ್ರಿಯ ಕೋಣೆಯಲ್ಲಿ 70ರ ಸಮೀಪ. ಕಪಾಟಿನ ಅಂಚುಪಟ್ಟಿ ಅಂಟಿಸುವ ಮೇಣದಂಥ ಅಂಟು ಮೆತ್ತಗಾಗತೊಡಗುವುದು ಅದರ ಆಸುಪಾಸಿನಲ್ಲೇ.

ಅಂಟು ಬಿಟ್ಟ ಪಟ್ಟಿಯನ್ನು ಮತ್ತೆ ಅಂಟಿಸಬಹುದು. ಓವನ್ನಿನ ಒಳಗೆ ಆಗುವುದು ಕಣ್ಣಿಗೆ ಬೀಳುವುದಿಲ್ಲ. ಮ್ಯಾಗ್ನೆಟ್ರಾನಿನ ಎರಡು ಬದಿಗಿರುವ ಫೆರೈಟ್ ಆಯಸ್ಕಾಂತಗಳು ಪ್ರತಿ ಡಿಗ್ರಿಗೆ ಶೇ. 0.2ರಷ್ಟು ಬಲ ಕಳೆದುಕೊಳ್ಳುತ್ತವೆ, 20 ಡಿಗ್ರಿ ಹೆಚ್ಚಾದರೆ ಶೇ. 4. ಅದರ ಬೆನ್ನಿಗೇ ಓವನ್ನಿನ ಬಲವೂ ತುಸು ಇಳಿಯುತ್ತದೆ. ಅಡುಗೆಯ ಮಟ್ಟಿಗೆ ಇದು ಅಂಥ ನಷ್ಟವಲ್ಲ, ಸಾರು ಬಿಸಿಯಾಗಲು ಐದಾರು ಸೆಕೆಂಡು ತಡವಾದೀತು. ದೊಡ್ಡ ಪೆಟ್ಟು ಬೀಳುವುದು ಮುಂಭಾಗದ ನಿಯಂತ್ರಣ ಫಲಕಕ್ಕೆ. ಅದರಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ದಿನನಿತ್ಯ ಬಳಸುವ ಅಂದಾಜು. 20 ಡಿಗ್ರಿ ಏರಿತೆಂದರೆ ಕಾಲುಭಾಗ. ಮ್ಯಾಗ್ನೆಟ್ರಾನ್ ಕೆಟ್ಟರೆ ಬೇರೆ ಹಾಕಿಸಬಹುದು. ಮಾದರಿ ಹಳತಾದ ಮೇಲೆ ಫಲಕ ಸಿಗುವುದೇ ಕಷ್ಟ. ಬೇಸಿಗೆಯಲ್ಲಿ ಓವನ್ ನಡುವೆಯೇ ನಿಂತು, ಅರ್ಧ ಗಂಟೆ ಬಿಟ್ಟು ತಾನೇ ಸರಿಹೋದರೆ ಕರೆಂಟನ್ನು ಬೈಯುವ ಮೊದಲು ಗೂಡಿನ ಹಿಂಬದಿ ನೋಡಬೇಕು. ಅತಿಯಾಗಿ ಕಾದಾಗ ಮ್ಯಾಗ್ನೆಟ್ರಾನಿನ ಮೇಲಿರುವ ಉಷ್ಣಸ್ವಿಚ್ಚು ಮಾಡುವ ಕೆಲಸ ಅದೇ.

ಪರಿಹಾರ ಹೊಸದಲ್ಲ. ಕುರುಗೋಡು, ಸಿರುಗುಪ್ಪ ಕಡೆಯ ಹಳೆಯ ಮಾಳಿಗೆ ಮನೆಗಳ ಅಡುಗೆಮನೆಯಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಮಾಳಿಗೆಯಲ್ಲೊಂದು ಗವಾಕ್ಷಿ ಇರುತ್ತಿತ್ತು. ದಪ್ಪ ಗೋಡೆಯ ಆ ಮನೆಗಳಲ್ಲಿ ಕಿಟಕಿ ಚಿಕ್ಕದಿದ್ದರೂ ಹೊಗೆಯೂ ಬಿಸಿಯೂ ಮೇಲಕ್ಕೆ ದಾರಿ ಹುಡುಕಿಕೊಂಡು ಹೋಗುತ್ತಿದ್ದವು, ಬಾಗಿಲಿನ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಹುದುಗಿಸಿದ ಮೈಕ್ರೋವೇವಿಗೆ ಬೇಕಾದದ್ದು ಇದೇ ಜೋಡಿ: ಕೆಳಗೊಂದು ಬರುವ ದಾರಿ, ಮೇಲೊಂದು ಹೋಗುವ ದಾರಿ, ನಡುವೆ ಅಡ್ಡಿಯಿಲ್ಲದ ಹಾದಿ. ಹಿಂದಿನ ಉದಾಹರಣೆಯಲ್ಲೇ ಹಾದಿಯನ್ನು 200ರಿಂದ 400 ಚದರ ಸೆಂಟಿಮೀಟರಿಗೆ ಏರಿಸಿದರೆ 30 ಡಿಗ್ರಿಯ ಏರಿಕೆ 18–19ಕ್ಕೆ ಇಳಿಯುತ್ತದೆ. ಆಗ 41 ಡಿಗ್ರಿಯ ಕೋಣೆಯಲ್ಲೂ ಗೂಡಿನ ಗಾಳಿ 60ರ ಒಳಗೇ ನಿಲ್ಲುತ್ತದೆ. ನಮ್ಮ ಕಡೆ ಕೈಪಿಡಿ ಹೇಳಿದ ಕಿಂಡಿಯನ್ನು ಎರಡರಷ್ಟು ಮಾಡಿಸಿ ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದ. ಕೆಲಸವೇನೂ ದೊಡ್ಡದಲ್ಲ. ಗೂಡಿನ ಹಿಂಬದಿಯ ಹಲಗೆ ಹಾಕಿಸಲೇಬಾರದು. ಓವನ್ ಕೂರುವ ಹಲಗೆ ಗೋಡೆಗೆ ತಾಗದೆ ನಾಲ್ಕೈದು ಬೆರಳು ಈಚೆಗೇ ನಿಲ್ಲಬೇಕು. ಮೇಲಿನ ಖಾನೆಯ ಹಲಗೆಯೂ ಹಾಗೆಯೇ. ಕಪಾಟಿನ ಬುಡದ ಪಟ್ಟಿಯಲ್ಲಿ ಜಾಲರಿ, ನೆತ್ತಿಯಲ್ಲಿ ತೆರೆದ ಸಂದು. ಎಡವುವುದು ಸಾಮಾನ್ಯವಾಗಿ ಕಲ್ಲಿನಲ್ಲಿ. ಪ್ಲೈವುಡ್ಡಿನ ಬದಲು ಕಡಪ ಕಲ್ಲನ್ನು ಗೋಡೆಯೊಳಗೆ ಕೂರಿಸಿ ಖಾನೆ ಮಾಡುವ ಪದ್ಧತಿ ಇಲ್ಲಿ ಹಳತು, ಗೆದ್ದಲಿಗೂ ನೀರಿಗೂ ಅಂಜದ ಒಳ್ಳೆಯ ಪದ್ಧತಿ. ಆದರೆ ಗೋಡೆಗೆ ಸಿಮೆಂಟಿನಲ್ಲಿ ಬಿಗಿದ ಕಲ್ಲಿನ ಹಿಂದೆ ಸಂದು ಎಲ್ಲಿಂದ ಬರಬೇಕು? ಕಲ್ಲು ಶಾಖ ಹೀರಿಕೊಂಡು ಮೊದಲ ಹತ್ತಿಪ್ಪತ್ತು ನಿಮಿಷ ಉಪಕಾರ ಮಾಡುತ್ತದೆ, ಬಳಿಕ ಅದನ್ನೇ ಗಂಟೆಗಟ್ಟಲೆ ಹಿಂತಿರುಗಿಸುತ್ತದೆ. ಅಂಥ ಖಾನೆಗಳಿರುವ ಅಡುಗೆಮನೆಯಲ್ಲಿ ಗಾಳಿಯನ್ನು ಮುಂಭಾಗದಿಂದಲೇ ಎಳೆದು ಮುಂಭಾಗದಿಂದಲೇ ಬಿಡುವ ಮಾದರಿ ಬೇಕು, ಇಲ್ಲವೇ ಓವನ್ ಹೊರಗಿರಬೇಕು.

ಯಾವ ಗೋಡೆ ಎಂಬುದೂ ಮುಖ್ಯ. ಮಧ್ಯಾಹ್ನವಿಡೀ ಬಿಸಿಲುಂಡ ಪಡುವಣ ಗೋಡೆ ಸಂಜೆ ಆರೇಳರ ಹೊತ್ತಿಗೆ, ಅಂದರೆ ಸರಿಯಾಗಿ ರಾತ್ರಿಯಡುಗೆಯ ಹೊತ್ತಿಗೆ, ಒಳಗಡೆ ಕಾವು ಬಿಡತೊಡಗುತ್ತದೆ. ಗೂಡಿನ ಬೆನ್ನು ಅದಕ್ಕೆ ತಾಗದಿರಲಿ. ವಾಸ್ತು ನೋಡಿ ಆಗ್ನೇಯ ಮೂಲೆಗೆ ಅಡುಗೆಮನೆ ಮಾಡಿದವರಿಗೆ ಹೊರಗೋಡೆ ಪೂರ್ವಕ್ಕೂ ದಕ್ಷಿಣಕ್ಕೂ ಬರುವುದರಿಂದ ಈ ತೊಂದರೆ ಅಷ್ಟಾಗಿ ಇರುವುದಿಲ್ಲ; ನಂಬದವರೂ ಆ ಅನುಕೂಲವನ್ನು ಬಿಡಬೇಕಾಗಿಲ್ಲ.

ಈಗ ಆಕ್ಷೇಪಗಳು. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ದಿನಕ್ಕೆ ಎರಡು ಸಲ ಮೂರು ಮೂರು ನಿಮಿಷ ಅನ್ನ, ಪಲ್ಯ ಬಿಸಿ ಮಾಡುವುದಕ್ಕೆ ಇಷ್ಟೆಲ್ಲ ಗವಾಕ್ಷಿ ಪುರಾಣ ಬೇಕೇ? ಪ್ರಾಮಾಣಿಕ ಉತ್ತರ: ಅಷ್ಟಕ್ಕೇ ಆದರೆ ಬೇಡ. ಮೂರು ನಿಮಿಷದಲ್ಲಿ ಹೊರಬೀಳುವ ಶಾಖ ಸುಮಾರು 80 ಕಿಲೋಜೂಲ್, ಓವನ್ನಿನ ತಗಡೇ ಅದನ್ನು ನುಂಗಿ ನಿಧಾನವಾಗಿ ಬಿಡುತ್ತದೆ. ಆದರೆ ಹುದುಗಿಸುವ ಓವನ್ ಕೊಳ್ಳುವವರು ಮೂರು ನಿಮಿಷದ ಯಂತ್ರವನ್ನು ಕೊಳ್ಳುವುದಿಲ್ಲ. ಹೇಗೂ ಖರ್ಚು ಮಾಡುತ್ತಿದ್ದೇವೆ, ಕೇಕು, ಪಿಜ್ಜಾ, ತಂದೂರಿ ಎಲ್ಲ ಆಗಲಿ ಎಂದು ಕನ್ವೆಕ್ಷನ್ ಮಾದರಿಯನ್ನೇ ತರುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಸೂಕ್ಷ್ಮತರಂಗವಲ್ಲ, ಕಾದ ಸುರುಳಿ ಮತ್ತು ಬಿಸಿಗಾಳಿ. ಎರಡು ಕಿಲೋವ್ಯಾಟ್ ಮೀರಿ ಎಳೆಯಬಲ್ಲ ಆ ಸುರುಳಿ ನಿಂತೂ ಓಡಿಯೂ ಸರಾಸರಿ ಒಂದು ಕಿಲೋವ್ಯಾಟಿನಂತೆ 40 ನಿಮಿಷ ಉರಿದರೆ 2,400 ಕಿಲೋಜೂಲ್, ಮೂರು ನಿಮಿಷದ ಲೆಕ್ಕಕ್ಕಿಂತ 30 ಪಟ್ಟು. ಅದರಲ್ಲಿ ಕೇಕಿಗೆ ಸೇರುವುದು ಸಣ್ಣ ಪಾಲು. ಮಿಕ್ಕದ್ದು ಕಪಾಟಿಗೆ, ಕೋಣೆಗೆ. ಆಕ್ಷೇಪ ಹೀಗೆ ನನ್ನ ವಾದವನ್ನು ಬೀಳಿಸುವ ಬದಲು ಆಯ್ಕೆಯನ್ನು ಎರಡಾಗಿ ಸೀಳುತ್ತದೆ. ಬರೇ ಬಿಸಿ ಮಾಡುವವರು ಸೂಕ್ಷ್ಮತರಂಗ ಮಾತ್ರ ಇರುವ ಸೋಲೊ ಓವನ್ ತಂದು ತೆರೆದ ಖಾನೆಯಲ್ಲಿಡಲಿ. ಬೇಯಿಸುವ, ಬೇಕ್ ಮಾಡುವವರು ಮೊದಲು ಗಾಳಿಯ ದಾರಿ ಮಾಡಿ, ಆಮೇಲೆ ಕನ್ವೆಕ್ಷನ್ ತರಲಿ. ನಡುವಿನ ದಾರಿ, ಅಂದರೆ ಮುಚ್ಚಿದ ಗೂಡಿನಲ್ಲಿ ಕನ್ವೆಕ್ಷನ್, ಎರಡೂ ಕಡೆಯ ನಷ್ಟ.

ಯಾರು ಯಾವ ಗುಂಪಿಗೆ ಸೇರುತ್ತಾರೆಂಬುದನ್ನು ಮನೆಯ ತಟ್ಟೆ ಹೇಳುತ್ತದೆ. ಬಳ್ಳಾರಿಯ ಹೊರವಲಯದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರುಕಾಳು, ಸಣ್ಣ ಸಿರಿಧಾನ್ಯಗಳನ್ನು ಉಣ್ಣುತ್ತಿದ್ದರೆಂಬುದಕ್ಕೆ ಕರಕಾದ ಕಾಳುಗಳ ಸಾಕ್ಷ್ಯ ಸಿಕ್ಕಿದೆ. ಆಗಿನಿಂದ ಇವತ್ತಿನ ಗ್ಯಾಸ್ ಒಲೆಯವರೆಗೆ ಅಡುಗೆಯ ಶಾಖ ಹೊರಗಿನಿಂದಲೇ ಒಳಕ್ಕೆ ಹೋಗಿದೆ: ಪಾತ್ರೆ ಕಾಯಬೇಕು, ಪಾತ್ರೆಯಿಂದ ನೀರು, ನೀರಿನಿಂದ ಕಾಳು. ಮೈಕ್ರೋವೇವ್ ಪಾತ್ರೆಯನ್ನು ಬಿಟ್ಟು, ಸೆಕೆಂಡಿಗೆ 245 ಕೋಟಿ ಸಲ ಅತ್ತಿತ್ತ ಆಂದೋಲಿಸುವ ವಿದ್ಯುತ್ ಕ್ಷೇತ್ರದಿಂದ ಆಹಾರದೊಳಗಿನ ನೀರಿನ ಅಣುಗಳನ್ನೇ ತಿರುಗಾಡಿಸಿ, ಹೊರಮೈಯಿಂದ ಒಂದೆರಡು ಸೆಂಟಿಮೀಟರ್ ಆಳದವರೆಗೆ ನೇರವಾಗಿ ಶಾಖ ಹುಟ್ಟಿಸುತ್ತದೆ. ಆದ್ದರಿಂದ ಅದು ನೀರಿರುವ ಪದಾರ್ಥದ ಗೆಳೆಯ. ನಿನ್ನೆಯ ಅನ್ನ, ಬದನೆಕಾಯಿ ಎಣ್ಣೆಗಾಯಿ, ಬೇಳೆಸಾರು ಇವಕ್ಕೆ ಹೇಳಿ ಮಾಡಿಸಿದ್ದು. ಸಿರುಗುಪ್ಪದ ಸೋನಾ ಮಸೂರಿ ಅನ್ನ ತಣ್ಣಗಾಗಿ ಬಿರುಸಾದಾಗ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಟ್ಟು ಒಂದೂವರೆ ನಿಮಿಷ ಕೊಟ್ಟರೆ ಮತ್ತೆ ಮೆತ್ತಗಾಗುವುದು ಆ ನೀರಿನ ಹಬೆಯಿಂದಲೇ. ಖಡಕ್ ಜೋಳದ ರೊಟ್ಟಿಯಲ್ಲಿ ನೀರೇ ಇಲ್ಲವಾದ್ದರಿಂದ ಅದು ಅಷ್ಟಾಗಿ ಕಾಯುವುದಿಲ್ಲ. ಮೆತ್ತನೆ ರೊಟ್ಟಿ ಕಾಯುತ್ತದೆ, ಆದರೆ ತುಸು ಹೆಚ್ಚಾದರೂ ಚರ್ಮದಂತಾಗುತ್ತದೆ. ಎಣ್ಣೆ ಈ ತರಂಗಗಳನ್ನು ನೀರಿನಷ್ಟು ಹೀರುವುದಿಲ್ಲ, ಹಾಗಾಗಿ ಸಾಸಿವೆ ಸಿಡಿಯುವ ಬಿಸಿ ಅದರಲ್ಲಿ ಸುಲಭಕ್ಕೆ ಬರುವುದಿಲ್ಲ. ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ ಎನ್ನುವ ಊರಿನಲ್ಲಿ ಒಗ್ಗರಣೆಯಾಗದ, ಎಣ್ಣೆಯಲ್ಲಿ ಕರಿಯಲಾಗದ ಯಂತ್ರ ಒಲೆಯ ಜಾಗ ಹಿಡಿಯಲಾರದು. ಜೋಳದ ರೊಟ್ಟಿ, ಅನ್ನ, ಪಲ್ಯದ ಮನೆಗೆ 20–23 ಲೀಟರಿನ ಸೋಲೊ ಧಾರಾಳ ಸಾಕು ಎಂಬ ನನ್ನ ಅಭಿಪ್ರಾಯ ಇದರಿಂದ ಬಂದದ್ದು.

ಎರಡನೆಯ ಆಕ್ಷೇಪ ಅಂಗಡಿಯವರದು: ಕಟ್ಟೆಯ ಮೇಲಿಡುವ ಓವನ್ನಿಗೇ ಚೌಕಟ್ಟಿನ ‘ಟ್ರಿಮ್ ಕಿಟ್’ ಹಾಕಿ ಕಪಾಟಿಗೆ ಸೇರಿಸಿದರೆ ಅರ್ಧ ಹಣಕ್ಕೆ ಕೆಲಸ ಆಗುತ್ತದಲ್ಲ? ಆ ಮಾದರಿಗೆಂದೇ ಕಂಪನಿ ಮಾಡಿದ ಕಿಟ್ ಆಗಿದ್ದರೆ ಆಗುತ್ತದೆ, ಏಕೆಂದರೆ ಅದರ ಚೌಕಟ್ಟಿನಲ್ಲೇ ಗಾಳಿಯ ಸೀಳುಗಳನ್ನು ಕೊಟ್ಟಿರುತ್ತಾರೆ. ಬಡಗಿ ಮಾಡಿದ ಚೌಕಟ್ಟಾದರೆ ಆಗುವುದಿಲ್ಲ. ಕಟ್ಟೆಯ ಓವನ್ನುಗಳ ಕೈಪಿಡಿಗಳು ನೆತ್ತಿಯ ಮೇಲೆ ಒಂದು ಗೇಣಿಗೂ ಮಿಕ್ಕಿದ ಜಾಗ ಕೇಳುವುದು ಅಲಂಕಾರಕ್ಕಲ್ಲ; ಅವುಗಳ ಗಾಳಿ ಬದಿಯಿಂದ, ಹಿಂದಿನಿಂದ, ನೆತ್ತಿಯಿಂದ ಓಡಾಡುತ್ತದೆ. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದ ಚೌಕಟ್ಟು ನೋಡಲು ಎಷ್ಟು ಅಚ್ಚುಕಟ್ಟೋ ಓವನ್ನಿಗೆ ಅಷ್ಟೇ ಉಸಿರುಕಟ್ಟು.

ವಿಕಿರಣದ ಭಯ ಮೂರನೆಯದು. ಗೂಡಿನಲ್ಲಿಟ್ಟರೆ ಬಾಗಿಲು ಮುಖದ ಎತ್ತರಕ್ಕೆ ಬರುತ್ತದೆ, ಕಣ್ಣಿಗೆ ಒಳ್ಳೆಯದಲ್ಲ ಎನ್ನುವವರಿದ್ದಾರೆ. ಈ ತರಂಗದ ಒಂದೊಂದು ಕಣದ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲೊಂದು ಭಾಗ, ಅಣುವಿನ ಬಂಧ ಮುರಿಯಲು ಬೇಕಾದದ್ದು ಕೆಲವು ಎಲೆಕ್ಟ್ರಾನ್ ವೋಲ್ಟು. ಇದು ಬಿಸಿ ಮಾಡಬಲ್ಲುದು, ಅಷ್ಟೇ. ಬಿಸಿಯೂ ಕಣ್ಣಿಗೆ ಕೆಟ್ಟದ್ದೇ ಆದ್ದರಿಂದ ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಿ ಸೋರಬಾರದೆಂಬ ಮಿತಿಯಿದೆ, ದೂರ ಸರಿದಂತೆ ಅದು ಬೇಗ ತಗ್ಗುತ್ತದೆ. ತರಂಗದ ಉದ್ದ 12 ಸೆಂಟಿಮೀಟರಿಗಿಂತ ಹೆಚ್ಚು, ಬಾಗಿಲ ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಬೆಳಕು ನುಸುಳುತ್ತದೆ, ತರಂಗ ನುಸುಳುವುದಿಲ್ಲ. ಆ ಉದ್ದವನ್ನು ಕಣ್ಣಾರೆ ಕಾಣಬೇಕೆಂದರೆ ತಿರುಗುವ ತಟ್ಟೆ ತೆಗೆದು ಒಂದು ಹಪ್ಪಳವಿಟ್ಟು ನೋಡಿ, ಅದು ಅಲ್ಲಲ್ಲಿ ಮಾತ್ರ ಉಬ್ಬಿ, ನಡುನಡುವೆ ಹಸಿಯಾಗಿ ಉಳಿಯುತ್ತದೆ. ಉಬ್ಬಿದ ಮಚ್ಚೆಗಳ ಅಂತರ ಹೆಚ್ಚುಕಡಿಮೆ ಅರ್ಧ ತರಂಗದಷ್ಟು. ಎತ್ತರದ ವಿಷಯದಲ್ಲಿ ಮಾತ್ರ ಭಯ ಬೇಕು, ಬೇರೆ ಕಾರಣಕ್ಕೆ. ಕುದಿಯುವ ಸಾರಿನ ಬಟ್ಟಲನ್ನು ತಲೆಗಿಂತ ಮೇಲಿನಿಂದ ಇಳಿಸುವುದು ಅಪಾಯ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರ ಭುಜಕ್ಕಿಂತ ಓವನ್ನಿನ ತಳ ಕೆಳಗಿರಲಿ. ಮನೆಯ ಅಜ್ಜಿಯನ್ನು ನಿಲ್ಲಿಸಿ ಅಳತೆ ತೆಗೆಸಿದರೆ ತಪ್ಪುವುದಿಲ್ಲ.

ಇನ್ನು ಕರೆಂಟು. ಪಕ್ಕದ ಕುಡಿತಿನಿಯಲ್ಲಿ 1,700 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರವಿದ್ದರೂ ಜೆಸ್ಕಾಂ ತಂತಿಯ ತುದಿಯಲ್ಲಿರುವ ಹಳ್ಳಿಮನೆಗೆ ಯಾವಾಗಲೂ 230 ವೋಲ್ಟೇ ಬರಬೇಕೆಂದಿಲ್ಲ. 200ಕ್ಕೆ ಇಳಿದಾಗ ಕನ್ವೆಕ್ಷನ್ ಸುರುಳಿಯ ಬಲ ಮುಕ್ಕಾಲಿಗೆ ಬರುತ್ತದೆ, ಕೇಕು ಬೇಯಲು ಹೆಚ್ಚು ಹೊತ್ತು, ಕಪಾಟು ಕಾಯುವುದೂ ಹೆಚ್ಚು ಹೊತ್ತು. ಮನೆಯ ಬ್ಯಾಟರಿ ಇನ್ವರ್ಟರಿನ ಮೇಲೆ ಓವನ್ ಓಡಿಸುವ ಯೋಚನೆ ಬೇಡ. ದೀಪ, ಫ್ಯಾನಿಗೆಂದು ತಂದ 850 ವಿಎ ಯಂತ್ರ 1,250 ವ್ಯಾಟ್ ಹೊರಲಾರದು. ಪ್ಲಗ್ಗು 16 ಆಂಪಿಯರಿನದಾಗಿರಬೇಕು, ಓವನ್ನಿನ ಬೆನ್ನ ಹಿಂದಲ್ಲದೆ ಪಕ್ಕದ ಖಾನೆಯಲ್ಲಿ ಕೈಗೆ ಸಿಗುವಂತಿರಬೇಕು. ಅರ್ತಿಂಗ್ ಬಗ್ಗೆ ಇನ್ನೂ ಒಂದು ಮಾತು ಹೆಚ್ಚು. ಟ್ರಾನ್ಸ್‌ಫಾರ್ಮರ್ ಇರುವ ಓವನ್ನುಗಳಲ್ಲಿ ಸಾವಿರಾರು ವೋಲ್ಟಿನ ಸುರುಳಿಯ ಒಂದು ತುದಿ ತಗಡಿನ ಮೈಗೇ ಸೇರಿರುತ್ತದೆ, ಆ ಮೈ ನೆಲಕ್ಕೆ ಸೇರಿರಲೇಬೇಕು. ಸಿರುಗುಪ್ಪದ ಎರೆ ಮಣ್ಣು ಹಸಿಯಿದ್ದಾಗ ಒಳ್ಳೆಯ ವಾಹಕ. ಬೇಸಿಗೆಯಲ್ಲಿ ಅದು ಬಾಯಿಬಿಟ್ಟು ಒಣಗಿದಾಗ ಅರ್ತ್ ಗುಂಡಿಯ ರೋಧ ಏರುತ್ತದೆ. ಬಳ್ಳಾರಿಯ ಗುಡ್ಡದ ಬುಡದ ಗಟ್ಟಿ ಕಲ್ಲುನೆಲದಲ್ಲಿ ಅದು ಮೊದಲಿಂದಲೂ ಹೆಚ್ಚು. ಮಾರ್ಚಿನಿಂದ ಮಳೆ ಬೀಳುವವರೆಗೆ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಹುಯ್ಯುವುದು ಎಲ್ಲ ಉಪಕರಣಗಳಿಗೂ ಒಳ್ಳೆಯದು.

ಗಾಳಿಯ ದಾರಿ ಮಾಡಿದರೆ ದೂಳಿಗೂ ದಾರಿಯಾಯಿತಲ್ಲ ಎಂಬ ಮಾತು ಉಳಿದಿದೆ. ನಿಜ. ಅದಿರಿನ ಕೆಂಪು ದೂಳು, ಅಕ್ಕಿ ಗಿರಣಿಯ ಹೊಟ್ಟಿನ ದೂಳು, ಜೀನ್ಸ್ ಹೊಲಿಯುವ ಮನೆಗಳ ನೂಲಿನ ದೂಳು, ಅದರ ಜೊತೆ ಒಗ್ಗರಣೆಯ ಜಿಡ್ಡು ಸೇರಿದರೆ ಮ್ಯಾಗ್ನೆಟ್ರಾನಿನ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಆದರೆ ಮುಚ್ಚಿದ ಗೂಡಿಗೂ ದೂಳು ಹೋಗದಿರುವುದಿಲ್ಲ, ಬೆಚ್ಚಗಿನ ಕತ್ತಲೆಯನ್ನು ಹುಡುಕಿಕೊಂಡು ಜಿರಲೆಯೂ ಬರುತ್ತದೆ. ತೆರೆದ ಗೂಡಿನಲ್ಲಿ ದೂಳು ಕಾಣುತ್ತದೆ, ಒರೆಸಬಹುದು. ಬುಡದ ಜಾಲರಿ ಕೈಯಿಂದ ಬಿಚ್ಚಿ ತೊಳೆಯುವಂತಿರಲಿ. ತಂತಿ ಓವನ್ನನ್ನು ಪೂರ್ತಿ ಹೊರಕ್ಕೆಳೆಯುವಷ್ಟು ಉದ್ದವಿರಲಿ, ಏಕೆಂದರೆ ಸಿರುಗುಪ್ಪದ ಮನೆಗೆ ರಿಪೇರಿಯವರು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಳ್ಳಾರಿಯಿಂದ ಬಂದಾಗ ಬಡಗಿಯನ್ನೂ ಕರೆಸಬೇಕಾದ ಪರಿಸ್ಥಿತಿ ಬರಬಾರದು.

ದಾರಿ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಥರ್ಮಾಮೀಟರು, ಒಂದು ಗಾಜಿನ ಬೋಗುಣಿ ಸಾಕು. ಮಣ್ಣಿನ ಗಡಿಗೆಯಿಂದ ಒಂದು ಲೀಟರು ನೀರು ತೆಗೆದುಕೊಳ್ಳಿ. ಓವನ್ನಿನ ಬಲ ಅಳೆಯುವ ಅಂತರರಾಷ್ಟ್ರೀಯ ವಿಧಾನದಲ್ಲೂ ಒಂದು ಲೀಟರು ನೀರನ್ನು ಕೋಣೆಗಿಂತ 10 ಡಿಗ್ರಿ ತಣ್ಣಗಿನಿಂದಲೇ ಶುರುಮಾಡುತ್ತಾರೆ, ಬಳ್ಳಾರಿಯ ಒಣಹವೆಯಲ್ಲಿ ಗಡಿಗೆ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ಕದಡಿ ಉಷ್ಣತೆ ಬರೆದುಕೊಂಡು, ಪೂರ್ತಿ ಬಲದಲ್ಲಿ ಸರಿಯಾಗಿ 60 ಸೆಕೆಂಡು ಓಡಿಸಿ, ಮತ್ತೆ ಕದಡಿ ನೋಡಿ. ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ಬರುವುದೇ ಓವನ್ನಿನ ನಿಜವಾದ ವ್ಯಾಟು. 11 ಡಿಗ್ರಿ ಏರಿದರೆ 770. ಆಮೇಲೆ ದೊಡ್ಡ ಬೋಗುಣಿಯಲ್ಲಿ ಮೂರು ಲೀಟರು ನೀರಿಟ್ಟು 15 ನಿಮಿಷ ಓಡಿಸಿ, ಓವನ್ ಕಾದಿರುವಾಗಲೇ ಮೊದಲಿನ ಪರೀಕ್ಷೆಯನ್ನು ಹೊಸ ಗಡಿಗೆ ನೀರಿನಿಂದ ಮತ್ತೆ ಮಾಡಿ. ಹತ್ತು ಪರ್ಸೆಂಟಿನಷ್ಟು ಇಳಿದರೆ ಸಹಜ. ಕಾಲುಭಾಗ ಇಳಿದಿದ್ದರೆ, ಅಥವಾ ಕಪಾಟಿನ ನೆತ್ತಿಯ ಸಂದಿನಲ್ಲಿ ಹಿಡಿದ ಥರ್ಮಾಮೀಟರು ಕೋಣೆಗಿಂತ 30 ಡಿಗ್ರಿ ಮೇಲೆ ತೋರಿಸಿದರೆ, ಹಿಂಬದಿಯ ಸಂದು ಸಾಲದು. ಈ ಪರೀಕ್ಷೆಯನ್ನು ಮೇ ತಿಂಗಳ ಸಂಜೆ ಮಾಡುವುದು ಒಳ್ಳೆಯದು. ಬಡಗಿಗೆ ಕೊನೆಯ ಕಂತು ಕೊಡುವ ಮೊದಲು ಮಾಡುವುದು ಇನ್ನೂ ಒಳ್ಳೆಯದು.